ರಿಯಾಯಿತಿಯ ಊಟ, ಪೂರ್ತಿ ದುಡಿಮೆ



ನ್ಯೂಯಾರ್ಕ್ ನಗರದಲ್ಲಿ ವರ್ಷಕ್ಕೆ ಎರಡು ಬಾರಿ, ಚಳಿಗಾಲದಲ್ಲೊಮ್ಮೆ, ಬೇಸಿಗೆಯಲ್ಲೊಮ್ಮೆ, 'ರೆಸ್ಟೋರೆಂಟ್ ವೀಕ್' ನಡೆಯುತ್ತದೆ. ಮಕ್ಕಳು ಆ ಕಡೆ ಉದ್ಯೋಗದಲ್ಲಿರುವ ಕುಟುಂಬಗಳಿಗೆ ಈ ಹೆಸರು ಪರಿಚಯವಿರಬಹುದು. 1992ರ ಜುಲೈಯಲ್ಲಿ ಡೆಮಾಕ್ರಟಿಕ್ ಪಕ್ಷದ ಮಹಾಧಿವೇಶನ ಅಲ್ಲಿ ಸೇರಿದಾಗ ಹೆಸರಾಂತ ಹೋಟೆಲುಗಳು ಮಧ್ಯಾಹ್ನದ ಊಟವನ್ನು 19 ಡಾಲರ್ 92 ಸೆಂಟಿಗೆ ಬಡಿಸಿದವು. ಇಸವಿಯೇ ಊಟದ ಬೆಲೆ! ಈಗ 'ವಾರ' ಎಂಬುದು ಹೆಸರಿಗೆ ಮಾತ್ರ. ಹಲವು ವಾರಗಳವರೆಗೆ ನಡೆಯುತ್ತದೆ.

ವ್ಯವಸ್ಥೆ ಸರಳ. ಬೆಲೆ ಮೊದಲೇ ನಿಗದಿ, ಆಯ್ಕೆ ಕೆಲವೇ. ಪಾನೀಯ, ತೆರಿಗೆ, ಟಿಪ್ಸ್ ಬೇರೆ. ಏನು ಬೇಯಿಸಬೇಕೆಂದು ಅಡುಗೆಮನೆಗೆ ಮುಂಚೆಯೇ ಗೊತ್ತು. ಖಾಲಿ ಉಳಿಯಬಹುದಾಗಿದ್ದ ಮೇಜುಗಳೂ ತುಂಬುತ್ತವೆ. ಹೊರಗಿನಿಂದಲೇ ಗಾಜಿನ ಬಾಗಿಲು ನೋಡಿ ಹೋಗುತ್ತಿದ್ದ ದಂಪತಿಗಳು ಒಂದು ಸಂಜೆ ಒಳಗೆ ಕೂರುತ್ತಾರೆ.

ಇದರಲ್ಲಿ ಪಾಪವೇನಿದೆ ಎನ್ನುವಿರಾ? ಏನೂ ಇಲ್ಲ. ನಮ್ಮ ಪ್ರಭು ಔತಣದ ಕರೆಯನ್ನು ತಿರಸ್ಕರಿಸಿದವರಲ್ಲ. ಸುಂಕದವರ ಮನೆಯಲ್ಲೂ ಉಂಡರು, ಫರಿಸಾಯರ ಮನೆಯಲ್ಲೂ ಉಂಡರು. ಹೊಟ್ಟೆಬಾಕನೆಂಬ ಮಾತನ್ನೂ ಕೇಳಿಸಿಕೊಂಡರು. ಒಳ್ಳೆಯ ಊಟವನ್ನು ಸಂಶಯದಿಂದ ನೋಡುವ ಭಕ್ತಿ ನನಗಂತೂ ಹಿಡಿಸುವುದಿಲ್ಲ.

ಆದರೆ ಆ ಮೇಜಿನ ಬಳಿ ಇನ್ನೊಬ್ಬರಿದ್ದಾರೆ, ಬಡಿಸುವವರು. ಅಮೆರಿಕದ ಕೇಂದ್ರ ಕಾನೂನಿನ ಪ್ರಕಾರ, ಟಿಪ್ಸ್ ಪಡೆಯುವ ಕೆಲಸಗಾರನಿಗೆ ಮಾಲೀಕ ಕೈಯಿಂದ ಕೊಡಬೇಕಾದ ಕನಿಷ್ಠ ಕೂಲಿ ಗಂಟೆಗೆ 2 ಡಾಲರ್ 13 ಸೆಂಟ್. 1991ರಿಂದ ಅದು ಏರಿಲ್ಲ. ನ್ಯೂಯಾರ್ಕ್ ಸೇರಿ ಅನೇಕ ರಾಜ್ಯಗಳು ಹೆಚ್ಚು ಗೊತ್ತುಮಾಡಿವೆ, ನಿಜ. ಆದರೂ ಸಂಪಾದನೆಯ ದೊಡ್ಡ ಪಾಲು ಟಿಪ್ಸೇ. ಅದನ್ನು ಬಿಲ್ಲಿನ ಮೇಲೆ ಶೇಕಡಾ ಲೆಕ್ಕದಲ್ಲಿ ಕೊಡುವುದು ಅಲ್ಲಿನ ವಾಡಿಕೆ. 80 ಡಾಲರಿನ ಊಟ 45ಕ್ಕೆ ಸಿಕ್ಕಿತೆನ್ನಿ. ಶೇಕಡಾ 20ರ ಲೆಕ್ಕದಲ್ಲಿ ಅವನಿಗೆ ಬರಬೇಕಾಗಿದ್ದ 16 ಡಾಲರ್ 9ಕ್ಕೆ ಇಳಿಯಿತು. ಹೊತ್ತ ತಟ್ಟೆಗಳು ಅಷ್ಟೇ, ನಡೆದ ನಡಿಗೆಯೂ ಅಷ್ಟೇ. ಮಾಲೀಕ ರಿಯಾಯಿತಿಯನ್ನು ಲೆಕ್ಕ ಹಾಕಿ ಕೊಟ್ಟ. ಬಡಿಸಿದವನಿಂದ ಅದನ್ನು ಯಾರೂ ಕೇಳಲಿಲ್ಲ, ಸುಮ್ಮನೆ ಕಡಿದುಕೊಂಡರು. ಆದ್ದರಿಂದ ಪೂರ್ಣ ಬೆಲೆಯ ಮೇಲೆ ಟಿಪ್ಸ್ ಲೆಕ್ಕಹಾಕುವುದು ನ್ಯಾಯ. ನಾನಿದನ್ನು ಔದಾರ್ಯವೆಂದು ಕರೆಯಲಾರೆ.

ಸಂತ ಯಕೋಬರು ತಮ್ಮ ಪತ್ರದಲ್ಲಿ ಹೊಲ ಕೊಯ್ದವರ ತಡೆಹಿಡಿದ ಕೂಲಿಗೆ ಬಾಯಿ ಬಂದು, ಅದು ದೇವರಿಗೆ ಕೇಳುವಂತೆ ಕೂಗುತ್ತದೆಂದು ಬರೆಯುತ್ತಾರೆ. 1891ರಲ್ಲಿ ಜಗದ್ಗುರು ಹದಿಮೂರನೆಯ ಲಿಯೋ ಅವರು 'ರೇರುಮ್ ನೊವಾರುಮ್' ಪರಿಪತ್ರದಲ್ಲಿ ಹೇಳಿದ್ದೂ ಇದಕ್ಕೆ ಹತ್ತಿರದ್ದೇ: ಕೆಲಸಗಾರ ಒಪ್ಪಿಕೊಂಡ ಮಾತ್ರಕ್ಕೆ ಕೂಲಿ ನ್ಯಾಯವಾಗುವುದಿಲ್ಲ, ಅದು ಅವನ ಜೀವನ ಸಾಗಿಸಬೇಕು.

ಕೊರಿಂಥದ ಕ್ರೈಸ್ತರನ್ನೂ ನೆನೆಯಿರಿ. ಪ್ರಭುವಿನ ಭೋಜನಕ್ಕೆ ಕೂಡಿದವರಲ್ಲಿ ಕೆಲವರು ತಮ್ಮದನ್ನು ಮೊದಲೇ ಉಂಡು ಕುಡಿದು ಮತ್ತರಾಗುತ್ತಿದ್ದರು, ಇಲ್ಲದವರು ಹಸಿದೇ ಇರುತ್ತಿದ್ದರು. ಸಂತ ಪೌಲರ ಕೋಪವನ್ನು ಗಮನಿಸಿ. ಪರಮಪ್ರಸಾದದ ಸ್ಥಾಪನೆಯ ವೃತ್ತಾಂತವನ್ನು ಅವರು ನೆನಪಿಸುವುದು ಇದೇ ಜಗಳದ ನಡುವೆ. ಯಾರು ಮೊದಲು ಉಂಡರು, ಯಾರು ಹಸಿದರು ಎಂಬ 'ಲೌಕಿಕ' ಪ್ರಶ್ನೆ ಅವರಿಗೆ ಬಲಿಪೀಠದ ಪ್ರಶ್ನೆಯೇ ಆಗಿತ್ತು.

ನ್ಯೂಯಾರ್ಕು ದೂರ, ಸರಿ. ನಮ್ಮ ಮದುವೆಯ ಆರತಕ್ಷತೆಗಳು ದೂರವಿಲ್ಲವಲ್ಲ? ತಲೆಗೆ ಇಷ್ಟೆಂದು ಕೇಟರಿಂಗಿನವರೊಡನೆ ಚೌಕಾಸಿ ಮಾಡಿ ಇಪ್ಪತ್ತು ರೂಪಾಯಿ ಇಳಿಸುತ್ತೇವೆ. ಆ ಇಪ್ಪತ್ತು ಯಾರ ಜೇಬಿನಿಂದ ಹೋಯಿತೆಂದು ಮನೆಯಲ್ಲಿ ಯಾರಾದರೂ ಕೇಳಿದ್ದುಂಟೇ? ಬಿಳಿ ಕೈಗವಸು ತೊಟ್ಟು ನಿಂತ ಆ ಹುಡುಗರಲ್ಲಿ ಎಷ್ಟೋ ಮಂದಿ ಕಾಲೇಜು ಓದುವವರು. ಅತಿಥಿಗಳೆಲ್ಲ ಹೋಗಿ ಪಾತ್ರೆಗಳನ್ನು ಲಾರಿಗೆ ಏರಿಸಿದ ಮೇಲೆ, ತಳದಲ್ಲಿ ಉಳಿದ ತಣ್ಣನೆಯ ಅನ್ನ ಅವರ ಪಾಲಿಗೆ. ಮುಂದಿನ ಬಾರಿ ದರದ ಮಾತು ನಡೆಯುವಾಗ, ಅವರ ಊಟ ಎಷ್ಟು ಗಂಟೆಗೆ ಎಂಬುದನ್ನೂ ಕೇಳಿ ಬರೆಸಿಕೊಳ್ಳಿರಿ.