ಗೆದ್ದವನೂ ಅವನ ಹಳೇ ಜತೆಗಾರರೂ



ನನ್ನಿವಾಳದ ಸುತ್ತಿನ ಹಳ್ಳಿಗಳಲ್ಲಿ ಸಾಯಂಕಾಲ ಹುಡುಗರು ಕಬಡ್ಡಿ ಆಡುವದನ್ನು ನೋಡುವಾಗ ನಮಗೆ ಒಂದು ಪ್ರಶ್ನೆ ಹುಟ್ಟುತ್ತದೆ. 2014ನೆಯ ಇಸವಿಯಿಂದ ಈ ಆಟವನ್ನು ಹಣಕ್ಕೆ ಆಡುವ ದೊಡ್ಡ ತಂಡಗಳು ಉಂಟಾಗಿ, ಹಳ್ಳಿಯ ಹುಡುಗರನ್ನೂ ಹರಾಜಿನಲ್ಲಿ ಲಕ್ಷಗಟ್ಟಳೆ ರೂಪಾಯಿಗೆ ಆರಿಸಿಕೊಳ್ಳುತ್ತಿವೆ. ನಮ್ಮ ಸಭೆಯ ಒಬ್ಬ ಹುಡುಗನು ಹಾಗೆ ಆರಿಸಲ್ಪಟ್ಟನೆಂದು ಇಟ್ಟುಕೊಳ್ಳಿರಿ. ಅವನ ಸಂಗಡ ಆಡಿ ಬೆಳೆದವರಲ್ಲಿ ಒಬ್ಬನು ಕುಡುಕನಾಗಿದ್ದಾನೆ. ಒಬ್ಬನು ಇಸ್ಪೀಟಿನಲ್ಲಿ ಹೊಲ ಕಳಕೊಂಡಿದ್ದಾನೆ. ಒಬ್ಬನು ಹೊಡೆದಾಟದ ನಿಮಿತ್ತ ಸೆರೆಮನೆ ನೋಡಿ ಬಂದಿದ್ದಾನೆ. ಈ ಮೂವರು ಬಾಗಲಿಗೆ ಬಂದರೆ ಅವನು ಏನು ಮಾಡತಕ್ಕದ್ದು?

ದುಸ್ಸಂಗದ ವಿಷಯವಾಗಿ ಪೌಲನು ಕೊರಿಂಥದವರಿಗೆ ಬರೆದದ್ದನ್ನು ಹಿರಿಯರು ಕೂಡಲೇ ಎತ್ತಿ ತೋರಿಸುವರು. ನಾವೂ ಹಾಗೆಯೇ ಬೋಧಿಸಿದ್ದುಂಟು. ಆದರೆ ಸುಂಕದವರ ಸಂಗಡ ಊಟಕ್ಕೆ ಕೂತ ಕರ್ತನ ಶಿಷ್ಯರಾದ ನಾವು ಅಷ್ಟು ಬೇಗನೆ ಬಾಗಲು ಮುಚ್ಚಬಹುದೋ?

ಆಟವೇ ಜೀವನೋಪಾಯವಾದವರು ಬಹುಮಂದಿ ಇರುವ ಅಮೇರಿಕ ದೇಶದಲ್ಲಿ ಈ ಪ್ರಶ್ನೆಯನ್ನು ಬಹಳವಾಗಿ ಚರ್ಚಿಸಿದ್ದಾರೆ. ಮೈಕೆಲ್ ವಿಕ್ ಎಂಬವನು ವರ್ಜೀನಿಯ ಸಂಸ್ಥಾನದ ನ್ಯೂಪೋರ್ಟ್ ನ್ಯೂಸ್ ಪಟ್ಟಣದ ಬಡ ಕೇರಿಯಲ್ಲಿ ಬೆಳೆದು, 2001ರಲ್ಲಿ ಆ ದೇಶದ ಫುಟ್‌ಬಾಲ್ ಆಟಕ್ಕೆ ಎಲ್ಲರಿಗಿಂತ ಮೊದಲು ಆರಿಸಲ್ಪಟ್ಟನು. ಹಣ ಬಂದಾಗ ಅವನು ಹಳೇ ಗೆಳೆಯರನ್ನು ಬಿಡಲಿಲ್ಲ. ಇದು ಒಳ್ಳೇದೇ. ಆದರೆ ಅವರಿಗೆ ಕೊಟ್ಟದ್ದೇನು? ಹಳ್ಳಿಗಾಡಿನಲ್ಲಿ ಒಂದು ಜಾಗ ಕೊಂಡು, ಅಲ್ಲಿ ಅವರ ಸಂಗಡ ನಾಯಿಗಳನ್ನು ಕಾದಾಡಿಸುವ ಜೂಜು ನಡಿಸಿದನು. ನಮ್ಮಲ್ಲಿಯ ಕೋಳಿ ಪಂದ್ಯದ ಹಾಗೆಯೇ ಅನ್ನಿರಿ. ಕ್ರೂರತ್ವ ಮಾತ್ರ ಹೆಚ್ಚು, ಯಾಕಂದರೆ ಚೆನ್ನಾಗಿ ಕಾದಾಡದ ನಾಯಿಗಳನ್ನು ಕೊಂದುಹಾಕುತ್ತಿದ್ದರು. 2007ರಲ್ಲಿ ಇದು ಹೊರಬಿದ್ದಾಗ ಜತೆಗಾರರು ಒಬ್ಬೊಬ್ಬರಾಗಿ ತಪ್ಪೊಪ್ಪಿಕೊಂಡರು. ಕಡೆಗೆ ಅವನೂ ಒಪ್ಪಿಕೊಂಡು 23 ತಿಂಗಳ ಸೆರೆವಾಸದ ತೀರ್ಪು ಹೊಂದಿದನು. ಗೆಳೆಯರೇ ಅವನನ್ನು ಕೆಡಿಸಿದರೆಂದು ಹೇಳುವದು ಸುಲಭ. ನಮಗೆ ಹಾಗೆ ತೋರುವದಿಲ್ಲ. ಹಣ ಅವನದು, ಜಾಗ ಅವನದು. ಬೇಡವೆಂದು ಹೇಳಿ ನಿಲ್ಲಿಸುವ ಶಕ್ತಿ ಎಲ್ಲರಿಗಿಂತ ಅವನಿಗೇ ಹೆಚ್ಚಾಗಿತ್ತು.

ಲೆಬ್ರಾನ್ ಜೇಮ್ಸನು ಓಹಾಯೋ ಸಂಸ್ಥಾನದ ಆಕ್ರನ್ ಎಂಬ ಟೈರು ಕಾರ್ಖಾನೆಗಳ ಪಟ್ಟಣದಲ್ಲಿ, ತಾಯಿಯ ಸಂಗಡ ಮನೆಯಿಂದ ಮನೆಗೆ ಅಲೆದು ಬೆಳೆದವನು. 2003ರಲ್ಲಿ 18 ವರ್ಷದವನಾಗಿ ಬಾಸ್ಕೆಟ್‌ಬಾಲ್ ಆಟದಿಂದ ಐಶ್ವರ್ಯವಂತನಾದನು. ಎರಡು ವರ್ಷಗಳ ಮೇಲೆ ಅನುಭವಸ್ಥನಾದ ಏಜೆಂಟನನ್ನು ಬಿಟ್ಟು ತನ್ನ ವ್ಯವಹಾರವನ್ನು ಗೆಳೆಯರಿಗೆ ಒಪ್ಪಿಸಲಾಗಿ ಬಲ್ಲವರು ನಕ್ಕರು. ಆದರೆ ಅವನು ಬರೀ ಹಣ ಕೊಡದೆ ಕೆಲಸ ಕೊಟ್ಟನು. ಆ ಗೆಳೆಯರಲ್ಲಿ ರಿಚ್ ಪಾಲ್ ಎಂಬವನು ಮೊದಲು ಕಾರಿನ ಹಿಂಬದಿಯಲ್ಲಿ ಆಟದ ಅಂಗಿಗಳನ್ನು ಇಟ್ಟು ಮಾರುತ್ತಿದ್ದವನು. ತಿಳಿದವರ ಕೈಕೆಳಗೆ ವರುಷಗಟ್ಟಳೆ ಕಲಿತು 2012ರಲ್ಲಿ ಸ್ವಂತ ಸಂಸ್ಥೆ ತೆರೆದನು. 2016ರಲ್ಲಿ ಫಿಲ್ ಜಾಕ್ಸನ್ ಎಂಬ ಹೆಸರಾಂತ ಗುರುವು ಈ ಗೆಳೆಯರನ್ನು ಪಟಾಲಂ ಎಂಬ ಅರ್ಥದ ಮಾತಿನಿಂದ ಕರೆದಾಗ ಲೆಬ್ರಾನನು ಬಹಿರಂಗವಾಗಿ ಆಕ್ಷೇಪಿಸಿದನು. ಅವನ ಗೆಳೆಯರು ಮೊದಲೇ ಯೋಗ್ಯರಾಗಿದ್ದರೆಂದು ನೀವು ಹೇಳಬಹುದು, ಇರಬಹುದು. ಕುಡುಕನ ಕೈಗೆ ಹಣದ ಪೆಟ್ಟಿಗೆ ಕೊಡಿರೆಂದು ನಾವು ಹೇಳುವವರಲ್ಲ.

ದಾವೀದನ ಗೆಳೆಯರೋ ಯೋಗ್ಯರಲ್ಲ. ಅವನು ಗೊಲ್ಯಾತನನ್ನು ಕೆಡವಿ ಹೆಸರು ಪಡೆದ ಮೇಲೆ, ಅದುಲ್ಲಾಮಿನ ಗವಿಯಲ್ಲಿ ಅಡಗಿದ್ದಾಗ, ಸಾಲ ತೀರಿಸಲಾರದವರು, ಊರಲ್ಲಿ ನೆಲೆಯಿಲ್ಲದವರು, ಮನಸ್ಸು ಕಹಿಯಾದವರು ಸುಮಾರು 400 ಮಂದಿ ಬಂದು ಸೇರಿದರು. ಅವನು ಒಬ್ಬನನ್ನೂ ಹಿಂದಕ್ಕೆ ಕಳುಹಿಸಲಿಲ್ಲ. ಮುಂದೆ ಏನ್ಗೆದಿಯ ಗವಿಯಲ್ಲಿ ಸೌಲನು ಕೈಗೆ ಸಿಕ್ಕಾಗ, ಇದೇ ಸಮಯವೆಂದು ಅವರು ಒತ್ತಾಯಪಡಿಸಲು, ದಾವೀದನು ಅವರನ್ನು ತಡೆದನು. ಅವರನ್ನು ಬಿಡಲೂ ಇಲ್ಲ, ಅವರ ಮಾತು ಕೇಳಲೂ ಇಲ್ಲ. ಯೋವಾಬನ ವಿಷಯದಲ್ಲಾದರೋ ಅವನಿಗೆ ಈ ಧೈರ್ಯ ಸಾಲದೆ ಹೋಯಿತು. ಯೋವಾಬನು ಅಬ್ನೇರನನ್ನು ಮೋಸದಿಂದ ಕೊಂದಾಗ ದಾವೀದನು ಅತ್ತನು, ಶಪಿಸಿದನು, ಆದರೂ ಸೇನಾಪತಿಯ ಕೆಲಸದಿಂದ ತೆಗೆಯಲಿಲ್ಲ. ಊರೀಯನನ್ನು ಕೊಲ್ಲಿಸುವ ಕಾಗದ ಬರೆದಾಗ ಅದು ಹೋದದ್ದು ಆ ಯೋವಾಬನ ಕೈಗೇ. ನಮ್ಮ ಪಾಪವನ್ನು ನಮಗೋಸ್ಕರ ಮಾಡಿಕೊಟ್ಟ ಗೆಳೆಯನನ್ನು ಆಮೇಲೆ ಗದರಿಸುವದಕ್ಕೆ ನಮಗೆ ಬಾಯಿ ಎಲ್ಲಿಂದ ಬಂದೀತು?

ದೀಕ್ಷಾಸ್ನಾನವಾದ ಮೇಲೆ ಹಳೇ ಗೆಳೆಯರ ಕೇರಿಗೆ ಕಾಲಿಡದವರು ನಮ್ಮಲ್ಲಿ ಉಂಟು. ಜಾತ್ರೆಯ ಕುಡಿತಕ್ಕೆ ಕರೆದರೆ ಹೋಗದೆ ಇರುವದು ಸರಿ. ಆದರೆ ಮಳೆಯಿಲ್ಲದೆ ಶೇಂಗಾ ಒಣಗಿ ಆ ಗೆಳೆಯನು ಸಾಲದಲ್ಲಿ ಬಿದ್ದಿರುವಾಗಲೂ ಹೋಗದವರು, ತಾವು ಬಿಟ್ಟದ್ದು ಕುಡಿತವನ್ನೋ ಮನುಷ್ಯನನ್ನೋ ಎಂದು ಕೇಳಿಕೊಳ್ಳಲಿ.

ನಮ್ಮ ಕಬಡ್ಡಿ ಹುಡುಗನು ಆ ಮೂವರನ್ನು ಒಳಗೆ ಕರೆದು ಊಟ ಹಾಕಲಿ. ಕುಡಿಯುವದಕ್ಕೆ ಹಣ ಕೇಳಿದರೆ ಕೊಡದಿರಲಿ. ಅವರು ಸಿಟ್ಟಿನಿಂದ ಎದ್ದುಹೋದರೆ ಮುಂದಿನ ವಾರ ತಾನೇ ಅವರ ಮನೆಗೆ ಹೋಗಲಿ. ಸೆರೆಯಿಂದ ಬಂದವನಿಗೆ ಕೂಲಿ ಹುಡುಕಿಕೊಡಲಿ. ಆದರೆ ಅವನಿಂದ ಪೆಟ್ಟು ತಿಂದವನೂ ಅದೇ ಊರಲ್ಲಿದ್ದಾನಲ್ಲಾ. ಆ ಮನೆಯ ಬಾಗಲಿಗೆ ಹೋಗುವದು ಹುಡುಗನಿಗೆ ಎಲ್ಲಕ್ಕಿಂತ ಕಷ್ಟವಾದೀತು. ಅಲ್ಲಿಗೆ ಅವನು ಒಂಟಿಯಾಗಿ ಹೋಗದಂತೆ, ಸಭೆಯ ಹಿರಿಯರು ಒಬ್ಬಿಬ್ಬರು ಸಂಗಡ ಹೊರಡಲಿ.