ಪೊನ್ನಪ್ಪನ ಮನೆ, ಪಾಂಡುವಿನ ಮನೆ

ಹೆಣ ಮುಚ್ಚಿಟ್ಟ ಅಪ್ಪನಿಗೆ ಟಾಕೀಸಿನಲ್ಲಿ ಚಪ್ಪಾಳೆ ಬೀಳುತ್ತದೆ. ಹೆಂಡತಿಗೆ ಸಣ್ಣದೊಂದು ಸುಳ್ಳು ಹೇಳಿ ಸಿಕ್ಕಿಬಿದ್ದ ಗಂಡನನ್ನು ಟೀವಿಯಲ್ಲಿ ನೋಡಿ ಮನೆಮಂದಿಯೆಲ್ಲ ಬಿದ್ದು ಬಿದ್ದು ನಗುತ್ತಾರೆ. ಮೊದಲನೆಯವನು ನಮಗೆ ದೊಡ್ಡ ಮನುಷ್ಯ. ಎರಡನೆಯವನು ಪೆದ್ದ. ಈ ಲೆಕ್ಕ ಎಲ್ಲಿಂದ ಬಂತು? ಇದನ್ನು ನಮ್ಮ ತಲೆಯೊಳಗೆ ಬಿತ್ತಿದವರು ಯಾರು?

ಭೂಮಿ, ಕೂಲಿ, ದೌರ್ಜನ್ಯದ ಮಾತು ಬಿಟ್ಟು ಇವರು ಸಿನಿಮಾ ಸೀರಿಯಲ್ಲಿನ ಮಾತು ತೆಗೆದರಲ್ಲ ಅಂತ ಕೆಲವು ಗೆಳೆಯರು ಮೂಗು ಮುರಿಯಬಹುದು. ಮುರಿಯಲಿ. ಸಾಲಗಾಮೆ ಹೋಬಳಿಯ ಯಾವ ಹಳ್ಳಿಗೆ ಬೇಕಾದರೂ ಸಂಜೆ ಹೊತ್ತು ಹೋಗಿ ನೋಡಿ. ರಾಗಿ ಹೊಲದಿಂದಲೋ ಆಲೂಗಡ್ಡೆ ಹೊಲದಿಂದಲೋ ಬಂದ ಜನ ಕೈಕಾಲು ತೊಳೆದು ಕೂರುವುದು ಟೀವಿಯ ಮುಂದೆ, ಇಲ್ಲ ಫೋನಿನ ಮುಂದೆ. ಊರೊಳಗೂ ಅದೇ, ಕೇರಿಯಲ್ಲೂ ಅದೇ. ಹಿಂದೆ ಹರಿಕತೆ, ಬಯಲಾಟಗಳು ಮಾಡುತ್ತಿದ್ದ ಕೆಲಸವನ್ನು ಇವತ್ತು ಈ ಪೆಟ್ಟಿಗೆ ಮಾಡುತ್ತಿದೆ. ಯಾರು ಒಳ್ಳೆಯವರು, ಯಾವ ತಪ್ಪಿಗೆ ಮಾಫಿ ಉಂಟು, ಯಾವುದಕ್ಕಿಲ್ಲ ಅಂತ ನಮ್ಮ ಮಕ್ಕಳು ಕಲಿಯುತ್ತಿರುವುದು ಇಲ್ಲೇ. ಹೀಗಿರುವಾಗ ಇದು ಸಣ್ಣ ಮಾತಲ್ಲ.

ಎರಡು ಮನೆಗಳನ್ನು ಪಕ್ಕಪಕ್ಕ ಇಟ್ಟು ನೋಡೋಣ.

ಮೊದಲನೆಯದು ‘ದೃಶ್ಯ’ ಚಿತ್ರದ ರಾಜೇಂದ್ರ ಪೊನ್ನಪ್ಪನ ಮನೆ. 2013ರಲ್ಲಿ ಜೀತು ಜೋಸೆಫ್ ಮಲಯಾಳಂನಲ್ಲಿ ಮಾಡಿದ ಚಿತ್ರವನ್ನು ಪಿ. ವಾಸು 2014ರಲ್ಲಿ ಕನ್ನಡಕ್ಕೆ ತಂದರು. ರವಿಚಂದ್ರನ್ ಪೊನ್ನಪ್ಪನಾದರು. 2021ರಲ್ಲಿ ಎರಡನೆಯ ಭಾಗವೂ ಬಂತು. ಪೊನ್ನಪ್ಪ ಕೇಬಲ್ ಟೀವಿ ನಡೆಸುವವನು. ಓದು ಕಮ್ಮಿ, ಸಿನಿಮಾ ನೋಡಿ ಲೋಕ ಕಲಿತವನು. ಅವನ ದೊಡ್ಡ ಮಗಳ ಗುಟ್ಟಿನ ವಿಡಿಯೋ ಇಟ್ಟುಕೊಂಡು ಒಬ್ಬ ಹುಡುಗ ಬೆದರಿಸುತ್ತಾನೆ. ತಡೆಯಲು ಹೋದಾಗ ಬಿದ್ದ ಪೆಟ್ಟಿಗೆ ಸಾಯುತ್ತಾನೆ. ಆ ಹುಡುಗ ದೊಡ್ಡ ಪೊಲೀಸ್ ಅಧಿಕಾರಿಯ ಮಗ. ಅಲ್ಲಿಂದ ಮುಂದೆ ಪೊನ್ನಪ್ಪ ಹೆಂಡತಿಗೆ, ಇಬ್ಬರು ಹೆಣ್ಣುಮಕ್ಕಳಿಗೆ ಸುಳ್ಳಿನ ಪಾಠ ಹೇಳಿಕೊಡುತ್ತಾನೆ. ಆ ದಿನ ನಾವು ಊರಲ್ಲಿರಲಿಲ್ಲ, ಈ ಬಸ್ಸಿನಲ್ಲಿ ಹೋದೆವು, ಈ ಹೋಟೆಲಿನಲ್ಲಿ ಉಂಡೆವು, ಈ ಸಿನಿಮಾ ನೋಡಿದೆವು. ಪೊಲೀಸರು ಹೊಡೆಯುತ್ತಾರೆ, ಸಣ್ಣ ಮಗುವನ್ನೂ ಬಿಡುವುದಿಲ್ಲ. ಆದರೂ ಸುಳ್ಳು ಗೆಲ್ಲುತ್ತದೆ. ಹೆಣ ಕೊನೆಗೆ ಹೊಸದಾಗಿ ಕಟ್ಟುತ್ತಿದ್ದ ಪೊಲೀಸ್ ಠಾಣೆಯ ನೆಲದಡಿಗೇ ಸೇರುತ್ತದೆ.

ಎರಡನೆಯದು ಪಾಂಡುವಿನ ಮನೆ. 2000ದ ಕೊನೆಗೆ ಶುರುವಾದ ಈಟಿವಿ ಕನ್ನಡ (2015ರಲ್ಲಿ ಅದೇ ಕಲರ್ಸ್ ಕನ್ನಡವಾಯಿತು) ನಮಗೆ ಕೊಟ್ಟ ಮನೆ ಇದು. ಸಿಹಿಕಹಿ ಚಂದ್ರು ಅವರ ‘ಪಾಪ ಪಾಂಡು’ವಿನಲ್ಲಿ ಚಿದಾನಂದ ಪಾಂಡುವಾದರು, ಶಾಲಿನಿ ಶ್ರೀಮತಿಯಾದರು. 2018ರಲ್ಲಿ ಕಲರ್ಸ್ ಸೂಪರ್‌ನಲ್ಲಿ ಇದೇ ಗಂಡಹೆಂಡಿರು ಮತ್ತೆ ಬಂದರು. ಪಾಂಡುವಿಗೆ ಹೆಂಡತಿ ಕಂಡರೆ ಭಯ. ಏನೋ ಒಂದನ್ನು ಮುಚ್ಚಿಡುತ್ತಾನೆ, ಮುಚ್ಚಿಟ್ಟದ್ದನ್ನು ಮುಚ್ಚಲು ಇನ್ನೊಂದು ಹೇಳುತ್ತಾನೆ, ಕೊನೆಗೆ ಶ್ರೀಮತಿಯ ಕೈಗೆ ಸಿಕ್ಕಿ ಪೆಟ್ಟು ತಿನ್ನುತ್ತಾನೆ. ಅದೇ ವಾಹಿನಿಯಲ್ಲಿ ವಿಜಯಪ್ರಸಾದ್ ಮಾಡಿದ ‘ಸಿಲ್ಲಿ ಲಲ್ಲಿ’ಯ ಡಾಕ್ಟರ್ ವಿಠಲ್ ರಾವ್ ಇದ್ದಾನೆ. ತನ್ನನ್ನು ತಾನೇ ಸಮಾಜ ಸೇವಕಿ ಅಂತ ಕರೆದುಕೊಳ್ಳುವ ಲಲಿತಾಂಬ ಇದ್ದಾಳೆ. ಎಲ್ಲರೂ ಅರೆಬರೆ ಮಂದಿ. ದುರಾಸೆ, ಪುಕ್ಕಲು, ಬಡಾಯಿ ಎಲ್ಲ ಉಂಟು. ಆದರೆ ಯಾರ ಮನೆಯಲ್ಲೂ ಹೆಣವಿಲ್ಲ.

ಮೇಲುನೋಟಕ್ಕೆ ಇವೆರಡೂ ಹೋಲಿಸುವ ಮನೆಗಳೇ ಅಲ್ಲ. ಆದರೆ ಎರಡೂ ಮನೆ ನಡೆಯುವುದು ಸುಳ್ಳಿನ ಮೇಲೆ. ಎರಡರಲ್ಲೂ ಅಪ್ಪ, ಅಮ್ಮ, ಮಕ್ಕಳು ಒಬ್ಬರಿಗೊಬ್ಬರು ಅಂಟಿಕೊಂಡಿದ್ದಾರೆ. ವ್ಯತ್ಯಾಸ ಇರುವುದು ಸುಳ್ಳಿನ ಗತಿಯಲ್ಲಿ. ಪಾಂಡುವಿನ ಸುಳ್ಳು ಅರ್ಧ ಗಂಟೆಯೊಳಗೆ ಹೊರಬೀಳಲೇಬೇಕು, ಇಲ್ಲದಿದ್ದರೆ ನಗೆಯೇ ಹುಟ್ಟುವುದಿಲ್ಲ. ಪೊನ್ನಪ್ಪನ ಸುಳ್ಳು ಎಂದೆಂದಿಗೂ ಹೊರಬೀಳಬಾರದು, ಬಿದ್ದರೆ ಕತೆಯೇ ಇಲ್ಲ. ಪಾಂಡುವಿನ ಮನೆಯಲ್ಲಿ ನಿಜ ಹೇಳುವವಳು ಹೆಂಡತಿ. ಪೊನ್ನಪ್ಪನ ಮನೆಯಲ್ಲಿ ನಿಜ ಹೇಳಿದವರು ಮನೆಹಾಳರು. ಒಂದು ಕಡೆ ಗಂಡಸಿನ ಮುಖವಾಡ ಕಳಚುತ್ತದೆ, ಇನ್ನೊಂದು ಕಡೆ ಗಂಡಸು ಮನೆಮಂದಿಗೆಲ್ಲ ಮುಖವಾಡ ಹೊಲಿದುಕೊಡುತ್ತಾನೆ. ಹಾಗಿದ್ದೂ ನಾವು ‘ಅಪ್ಪ ಅಂದರೆ ಹಿಂಗಿರಬೇಕು ಕಣಪ್ಪ’ ಅನ್ನುವುದು ಪೊನ್ನಪ್ಪನನ್ನು ನೋಡಿ.

ಇಲ್ಲೊಂದು ಎದುರು ಮಾತಿದೆ, ಅದಕ್ಕೆ ಉತ್ತರ ಕೊಡದೆ ಮುಂದೆ ಹೋಗುವ ಹಾಗಿಲ್ಲ. ಪೊನ್ನಪ್ಪ ಓದಿಲ್ಲದವನು, ಎದುರಿಗಿರುವುದು ಅಧಿಕಾರ. ಸತ್ತವನು ದೊಡ್ಡವರ ಮಗ. ಠಾಣೆಗೆ ಹೋಗಿದ್ದರೆ ಆ ಹೆಣ್ಣುಮಗಳಿಗೆ ನ್ಯಾಯ ಸಿಗುತ್ತಿತ್ತೆ? ಠಾಣೆಯ ಲಾಠಿ ಯಾರ ಬೆನ್ನು ಹುಡುಕುತ್ತದೆ ಅನ್ನುವುದು ನಮಗೆ ಗೊತ್ತಿಲ್ಲವೆ? ಬಡವನಿಗೆ ಉಳಿದಿರುವ ಆಯುಧ ಬುದ್ಧಿ ಒಂದೇ, ಅದನ್ನು ಅವನು ಬಳಸಿದರೆ ನೀವು ನೀತಿ ಹೇಳಲು ಬಂದಿರಾ?

ಈ ಮಾತಿನಲ್ಲಿ ತೂಕವಿದೆ. ಆ ಹೆಣ್ಣುಮಗಳ ಪೆಟ್ಟಿನ ಬಗ್ಗೆ ನಮ್ಮ ತಕರಾರಿಲ್ಲ. ಮೈಮೇಲೆ ಬಂದವನಿಂದ ತನ್ನನ್ನು ಕಾಪಾಡಿಕೊಳ್ಳುವ ಹಕ್ಕನ್ನು ಹಳೆಯ ದಂಡ ಸಂಹಿತೆಯೂ ಕೊಟ್ಟಿತ್ತು, 2024ರ ಜುಲೈಯಲ್ಲಿ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯೂ ಕೊಟ್ಟಿದೆ. ನಮ್ಮ ಪ್ರಶ್ನೆ ಇರುವುದು ಆಮೇಲಿನ ಕೆಲಸದ ಬಗ್ಗೆ. ಪೊನ್ನಪ್ಪ ಗೆದ್ದದ್ದು ಬರೀ ಬುದ್ಧಿಯಿಂದಲೆ? ಅಲ್ಲ. ಬಸ್ಸಿನ ಕಂಡಕ್ಟರು, ಹೋಟೆಲಿನವನು, ಟಾಕೀಸಿನವನು ಅವನ ಪರವಾಗಿ ಮಾತಾಡಿದ್ದರಿಂದ ಗೆದ್ದ. ಅವನ ಮುಖ ಅವರಿಗೆ ನೆನಪಿತ್ತು. ‘ಅವನು ಮರ್ಯಾದಸ್ಥ’ ಅನ್ನುವ ನಂಬಿಕೆ ಊರಿನಲ್ಲಿತ್ತು. ಸಾಕ್ಷಿಯೂ ಒಂದು ಆಸ್ತಿ, ಗೆಳೆಯರೆ. ಹೊಲಮನೆಯ ಹಾಗೆ ಅದೂ ಕೆಲವರ ಹತ್ತಿರ ಮಾತ್ರ ಇರುತ್ತದೆ. ಕೇರಿಯ ಒಬ್ಬ ಕೂಲಿಯವನು ಅದೇ ಹೋಟೆಲಿನ ಹೊರಗೆ ನಿಂತು ಬೇರೆ ಲೋಟದಲ್ಲಿ ಕಾಫಿ ಕುಡಿದಿದ್ದರೆ, ಅವನು ಯಾವತ್ತು ಬಂದಿದ್ದ ಅಂತ ಯಾರಿಗೆ ನೆನಪಿರುತ್ತಿತ್ತು? ನೆನಪಿದ್ದರೂ ಯಾರು ಠಾಣೆಗೆ ಬಂದು ಹೇಳುತ್ತಿದ್ದರು? ಆದ್ದರಿಂದ ಪೊನ್ನಪ್ಪನ ಬುದ್ಧಿ ಬಡವನ ಆಯುಧವಲ್ಲ. ಅದು ಊರೊಳಗಿನವನ ಆಯುಧ.

ಈ ಆಯುಧ ನಮ್ಮ ಮೇಲೆ ಹೇಗೆ ಬೀಸುತ್ತದೆ ಅನ್ನುವುದಕ್ಕೆ ದೂರ ಹೋಗಬೇಕಿಲ್ಲ. 2000ದ ಮಾರ್ಚ್ 11ರಂದು, ಆಗ ಕೋಲಾರ ಜಿಲ್ಲೆಯಲ್ಲಿದ್ದ ಚಿಂತಾಮಣಿ ತಾಲ್ಲೂಕಿನ ಕಂಬಾಲಪಲ್ಲಿಯಲ್ಲಿ ಏಳು ಮಂದಿ ದಲಿತರನ್ನು ಮನೆಯೊಳಗೆ ಸುಟ್ಟು ಕೊಂದರು. ವಿಚಾರಣೆಯಲ್ಲಿ ಸಾಕ್ಷಿಗಳು ಒಬ್ಬೊಬ್ಬರಾಗಿ ತಿರುಗಿಬಿದ್ದರು. 2006ರಲ್ಲಿ ಆರೋಪಿಗಳ ಬಿಡುಗಡೆಯಾಯಿತು, 2014ರಲ್ಲಿ ಹೈಕೋರ್ಟು ಅದನ್ನೇ ಎತ್ತಿಹಿಡಿಯಿತು. ಹೆದರಿ ಮಾತು ಬದಲಿಸಿದ ಬಡವರನ್ನು ನಾವು ದೂರುವುದಿಲ್ಲ, ಅವರು ನಾಳೆ ಅದೇ ಊರಿನಲ್ಲಿ ನೀರು ತರಬೇಕು, ಕೂಲಿ ಕೇಳಬೇಕು. ಆದರೆ ಆ ವರ್ಷವನ್ನು ನೆನಪಿಡಿ. 2014. ಒಂದು ಮನೆಯ ಮಂದಿ ‘ನಮಗೇನೂ ಗೊತ್ತಿಲ್ಲ’ ಅಂತ ಒಂದೇ ಸ್ವರದಲ್ಲಿ ಹೇಳಿದ್ದಕ್ಕೆ ಕರ್ನಾಟಕದ ಟಾಕೀಸುಗಳು ಚಪ್ಪಾಳೆ ತಟ್ಟಿದ ವರ್ಷ. ಏಳು ಜನ ಸುಟ್ಟುಹೋದರೂ ಸುಟ್ಟವರು ಯಾರೂ ಇಲ್ಲ ಅಂತಾದ ವರ್ಷವೂ ಅದೇ. ಸಿನಿಮಾದಲ್ಲಿ ಅದು ಜಾಣತನ. ಊರಿನಲ್ಲಿ ಅದಕ್ಕೆ ಬೇರೆ ಹೆಸರಿದೆ.

ಸಿನಿಮಾದಿಂದ ಊರು ಕೆಟ್ಟಿತು ಅಂತ ನಾವು ಹೇಳುತ್ತಿಲ್ಲ. ಸಿನಿಮಾ ಹುಟ್ಟುವ ಮೊದಲೇ ಊರು ಈ ವಿದ್ಯೆ ಕಲಿತಿತ್ತು. ನಮ್ಮ ಹಾಸನದ ಸೀಮೆಯನ್ನೇ ನೋಡಿ. ಹೊಳೆನರಸೀಪುರ ತಾಲ್ಲೂಕಿನ ಸಿಗರನಹಳ್ಳಿಯಲ್ಲಿ 2015ರಲ್ಲಿ ದಲಿತ ಹೆಣ್ಣುಮಕ್ಕಳು ಬಸವೇಶ್ವರ ದೇವಸ್ಥಾನದೊಳಗೆ ಕಾಲಿಟ್ಟದ್ದಕ್ಕೆ ದಂಡ ಹಾಕಿದರು ಅನ್ನುವ ಸುದ್ದಿ ರಾಜ್ಯದ ತುಂಬ ಹರಡಿತು. ಚನ್ನರಾಯಪಟ್ಟಣ ತಾಲ್ಲೂಕಿನ ದಿಂಡಗೂರಿನಲ್ಲಿ ದಲಿತರು ಗುಡಿಗಳೊಳಗೆ ಹೋದದ್ದು 2021ರಲ್ಲಿ, ಅಧಿಕಾರಿಗಳೂ ಪೊಲೀಸರೂ ಜೊತೆಗೆ ನಿಂತ ಮೇಲೆ. ಇಂಥ ಹೊತ್ತಿನಲ್ಲೆಲ್ಲ ಹಳ್ಳಿಗಳಲ್ಲಿ ಒಂದು ಮಾತು ಕೇಳಿಬರುತ್ತದೆ. ‘ಊರು ಅಂದ್ರೆ ಒಂದು ಮನೆ ಇದ್ದಂಗೆ. ಮನೆ ಮಾತು ಹೊರಗೆ ಹಾಕಬೇಡಿ. ಕಂಪ್ಲೇಂಟು ಗಿಂಪ್ಲೇಂಟು ಯಾಕೆ, ಕೂತು ಮಾತಾಡೋಣ.’ ಹಬ್ಬದ ದಿನ ತಮಟೆ ಬಾರಿಸಲು ಕರೆದು ಅಂಗಳದಲ್ಲೇ ನಿಲ್ಲಿಸುವಾಗ ನಾವು ಈ ಮನೆಯವರಲ್ಲ. ಗುಟ್ಟು ಕಾಯುವ ಹೊತ್ತಿಗೆ ಮಾತ್ರ ನಾವೂ ಮನೆಯವರು! ಪೊನ್ನಪ್ಪನ ಮನೆಗೂ ಇಂಥ ಊರಿಗೂ ಇರುವ ನಂಟು ಇದು. ಪ್ರೀತಿಯ ಹೆಸರಿನಲ್ಲಿ ಬಾಯಿ ಕಟ್ಟುವುದು.

1936ರಲ್ಲೇ ಬಾಬಾಸಾಹೇಬ್ ಅಂಬೇಡ್ಕರರು ಜಾತಿವಿನಾಶದ ಬಗ್ಗೆ ಬರೆಯುವಾಗ ಇದನ್ನು ಗುರುತಿಸಿದ್ದರು. ಜಾತಿಯಲ್ಲಿ ಬೆಳೆದವನ ಕರುಣೆ, ನಿಷ್ಠೆ, ಹೊಣೆ ಎಲ್ಲವೂ ತನ್ನ ಜಾತಿಯ ಗಡಿಯಲ್ಲೇ ಮುಗಿಯುತ್ತದೆ ಎಂಬುದು ಅವರ ವಾದ. ಅಂದರೆ ಅವನಿಗೆ ಪ್ರೀತಿ ಇಲ್ಲ ಅಂತಲ್ಲ. ಪ್ರೀತಿ ಬೇಕಾದಷ್ಟಿದೆ, ಬಾಗಿಲಿನವರೆಗೆ ಮಾತ್ರ. ‘ಗಾಡ್‌ಫಾದರ್’ (1972) ಎಂಬ ಅಮೆರಿಕದ ಚಿತ್ರದಲ್ಲೂ ಈ ಬಾಗಿಲಿದೆ. ಮೈಕೆಲ್ ಕಾರ್ಲಿಯೋನೆ ಮಾಡುವುದೆಲ್ಲ ಕುಟುಂಬಕ್ಕಾಗಿ ಅಂತಲೇ. ಕೊನೆಗೆ ಹೆಂಡತಿಗೇ ಸುಳ್ಳು ಹೇಳುತ್ತಾನೆ, ಅವಳ ಮುಖದ ಮೇಲೇ ಬಾಗಿಲು ಮುಚ್ಚುತ್ತದೆ. ಎರಡನೆಯ ಭಾಗದಲ್ಲಿ (1974) ಒಡಹುಟ್ಟಿದ ಅಣ್ಣ ಫ್ರೆಡೊನನ್ನೇ ಕೊಲ್ಲಿಸುತ್ತಾನೆ. ಹೊರಗಿನವರ ಜೀವಕ್ಕೆ ಬೆಲೆಯಿಲ್ಲ ಎಂದು ಶುರುವಾದ ಮನೆ ಒಳಗಿನವರನ್ನೂ ಉಳಿಸುವುದಿಲ್ಲ. ಮಗಳು ಬೇರೆ ಜಾತಿಯವನನ್ನು ಮದುವೆಯಾದರೆ ಅವಳನ್ನೇ ಕೊಲ್ಲುವ ಅಪ್ಪಂದಿರು ನಮ್ಮ ನಾಡಿನಲ್ಲೂ ಇದ್ದಾರೆ. ಅವರೂ ಹೇಳುವುದು ‘ಮನೆತನದ ಮಾನಕ್ಕಾಗಿ’ ಎಂದೇ.

ಹಾಗಾದರೆ ಪಾಂಡುವಿನ ಮನೆ ನ್ಯಾಯದ ಮನೆಯೆ? ಅದನ್ನೂ ಕಣ್ಣುಮುಚ್ಚಿ ಒಪ್ಪುವ ಹಾಗಿಲ್ಲ. ಅದು ಪೇಟೆಯ ಮಧ್ಯಮವರ್ಗದ ಮನೆ. ಅಲ್ಲಿನ ದೊಡ್ಡ ಕಷ್ಟ ಅಂದರೆ ಹೆಂಡತಿಯ ಸಿಟ್ಟು, ನೆಂಟರ ಕಾಟ. ಮನೆಯ ಚರಂಡಿ ಯಾರು ತೆಗೆಯುತ್ತಾರೆ, ಅವರಿಗೆ ನೀರು ಯಾವ ಲೋಟದಲ್ಲಿ ಕೊಡುತ್ತಾರೆ ಅನ್ನುವ ಮಾತಿನ ಹತ್ತಿರಕ್ಕೆ ಆ ನಗೆ ಬರುವುದೇ ಇಲ್ಲ. ಶ್ರೀಮತಿ ಗಂಡನಿಗೆ ಹೊಡೆದರೆ ನಮಗೆ ನಗು ಬರುವುದು ಯಾಕೆ? ಲೋಕದಲ್ಲಿ ನಡೆಯುವುದು ಅದರ ಉಲ್ಟಾ ಆದ್ದರಿಂದ. ಕುಡಿದು ಬಂದ ಗಂಡ ಹೊಡೆದರೆ ಅದು ಹಾಸ್ಯವಲ್ಲ, ನಿತ್ಯದ ಪಾಡು. ಈ ಲೋಪಗಳೆಲ್ಲ ಇದ್ದೂ ಆ ನಗೆಯಲ್ಲಿ ಒಂದು ಗುಣವಿದೆ. ಅದು ತನ್ನ ಮನೆಯವರನ್ನೇ ನೋಡಿ ನಗುತ್ತದೆ. ಲಲಿತಾಂಬಳ ಸಮಾಜ ಸೇವೆಗೆ ನಾವು ನಕ್ಕೆವಲ್ಲ, ಆ ನಗೆ ಫೋಟೋಕ್ಕೆ ಹಾರ ಹಾಕಿ ಭಾಷಣ ಬಿಗಿಯುವ ಎಲ್ಲರನ್ನೂ ಮುಟ್ಟುತ್ತದೆ, ನಮ್ಮ ಸಂಘಟನೆಗಳ ಪದಾಧಿಕಾರಿಗಳನ್ನೂ ಸೇರಿಸಿ. ತನ್ನವರ ತಪ್ಪನ್ನು ತಪ್ಪು ಅನ್ನುವ ಮನೆ, ನಗುತ್ತಲೇ ಅಂದರೂ ಸರಿ, ನ್ಯಾಯಕ್ಕೆ ಒಂದು ಹೆಜ್ಜೆ ಹತ್ತಿರ. ಇಬ್ಬರಲ್ಲಿ ಒಬ್ಬರ ಪಕ್ಕದಲ್ಲಿ ಬಾಳಬೇಕೆಂದರೆ ನಾವು ಪಾಂಡುವಿನ ಪಕ್ಕದ ಮನೆಯನ್ನೇ ಬಾಡಿಗೆಗೆ ಕೇಳುತ್ತೇವೆ. ಜಾತಿ ಕೇಳದೆ ಕೊಡುತ್ತಾರೋ ಇಲ್ಲವೋ, ಅದು ಬೇರೆ ಮಾತು.

ಆದರೆ ನಮಗೆ ಬೇಕಾದ ಮನುಷ್ಯ ಈ ಎರಡು ಮನೆಯಲ್ಲೂ ಇಲ್ಲ. ತನ್ನವರ ತಪ್ಪನ್ನು ನಗೆಗೆ ಬಿಡದೆ, ನೆಲದಡಿಗೂ ತಳ್ಳದೆ, ಎದ್ದುನಿಂತು ‘ನಾನು ನೋಡಿದ್ದೇನೆ’ ಅನ್ನುವವನು ಅವನು. ಕೊಪ್ಪಳ ಜಿಲ್ಲೆಯ ಮರಕುಂಬಿಯಲ್ಲಿ 2014ರ ಆಗಸ್ಟಿನಲ್ಲಿ ದಲಿತರ ಮೇಲೆ ಹಲ್ಲೆ ನಡೆಯಿತು, ಗುಡಿಸಲುಗಳಿಗೆ ಬೆಂಕಿ ಬಿತ್ತು. ಆ ಜಗಳ ಶುರುವಾದದ್ದು ಗಂಗಾವತಿಯ ಸಿನಿಮಾ ಟಾಕೀಸೊಂದರಲ್ಲಿ. ಹತ್ತು ವರ್ಷದ ಮೇಲೆ, 2024ರ ಅಕ್ಟೋಬರಿನಲ್ಲಿ, ಕೊಪ್ಪಳದ ನ್ಯಾಯಾಲಯ 98 ಜನರಿಗೆ ಜೀವಾವಧಿ ಶಿಕ್ಷೆ ವಿಧಿಸಿತು. ಮೇಲ್ಮನವಿ ಹೈಕೋರ್ಟಿಗೆ ಹೋಗಿ ಹೆಚ್ಚಿನವರಿಗೆ ಜಾಮೀನೂ ಸಿಕ್ಕಿತು ಅನ್ನುವುದನ್ನು ನಾವು ಮರೆತಿಲ್ಲ. ಆದರೂ ಅಲ್ಲಿ ಕಟಕಟೆ ಹತ್ತಿ ಕಂಡದ್ದನ್ನು ಹೇಳಿದವರು ಇದ್ದರು. ಅವರ ಬಗ್ಗೆ ಯಾರೂ ಸಿನಿಮಾ ಮಾಡಿಲ್ಲ ಅನ್ನುವುದು ಅವರ ಕೊರತೆಯಲ್ಲ.

ಶಾಲೆಗಳಲ್ಲಿ ಪಾಠ ಹೇಳುವ ಗೆಳೆಯರಿಗೆ ಒಂದು ಮಾತು. ಮಕ್ಕಳು ‘ದೃಶ್ಯ’ ನೋಡಬಾರದು ಅಂತ ಹೇಳಬೇಡಿ, ನೋಡಿಯೇ ನೋಡುತ್ತಾರೆ. ನೋಡಿ ಬಂದ ಮೇಲೆ ಎರಡು ಪ್ರಶ್ನೆ ಕೇಳಿ. ಸತ್ತ ಹುಡುಗ ದೊಡ್ಡ ಅಧಿಕಾರಿಯ ಮಗನಾಗಿರದೆ ಕೇರಿಯ ಹುಡುಗನಾಗಿದ್ದರೆ ಅವನನ್ನು ಹುಡುಕಿಕೊಂಡು ಯಾರು ಬರುತ್ತಿದ್ದರು? ಪೊನ್ನಪ್ಪ ಕೇರಿಯವನಾಗಿದ್ದರೆ ಅವನ ಮಾತನ್ನು ಯಾರು ನಂಬುತ್ತಿದ್ದರು? ಉತ್ತರಕ್ಕೆ ಅವಸರ ಮಾಡಬೇಡಿ. ಹಿಂದಿನ ಬೆಂಚಿನಲ್ಲಿ ಸುಮ್ಮನೆ ಕೂತ ಮಗು ಏನು ಹೇಳುತ್ತದೆ ಅಂತ ಕಾಯಿರಿ.