ತಕ್ಕಡಿ ಒಂದೇ ಆದರೆ ಸಾಕೇ?



1956ರ ರಾಜ್ಯ ಪುನರ್ವಿಂಗಡಣೆಯಲ್ಲಿ ಕೊಳ್ಳೇಗಾಲ ಮೈಸೂರಿಗೆ ಸೇರಿತು, ನಮ್ಮ ತಾಳವಾಡಿ ಮದರಾಸಿನಲ್ಲೇ ಉಳಿಯಿತು. ಇಂದು ತಾಳವಾಡಿಯ ಅಂಗಡಿಯಲ್ಲಿ ಹಣ ಕೊಡುವ ಫೋನು ಚಾಮರಾಜನಗರದ ಮಾರುಕಟ್ಟೆಯಲ್ಲೂ ಹಾಗೆಯೇ ನಡೆಯುತ್ತದೆ. ನಿಮ್ಮದು ಯಾವ ಬ್ಯಾಂಕು, ಯಾವ ಆ್ಯಪು, ಯಾವ ರಾಜ್ಯ ಎಂದು ಯಾರೂ ಕೇಳುವುದಿಲ್ಲ. 2016ರಲ್ಲಿ ಬಂದ ಯುಪಿಐಯ ನಿಯಮವೇ ಹಾಗಿದೆ.

ವ್ಯಾಪಾರಸ್ಥರಿಗೆ ಇದರ ಬೆಲೆ ಗೊತ್ತು. ಊರಿಗೊಂದು ಸೇರು, ಊರಿಗೊಂದು ಮಣ ಇದ್ದ ಕಾಲದಲ್ಲಿ ಅಳತೆ ಯಾರ ಕೈಯಲ್ಲಿತ್ತೋ ಲಾಭವೂ ಅವರದೇ ಆಗುತ್ತಿತ್ತು. ದೇಶಕ್ಕೆಲ್ಲ ಒಂದೇ ಕಿಲೋ ಬಂದ ಮೇಲೆ ರೈತನಿಗೆ ಒಂದು ಆಸರೆ ಸಿಕ್ಕಿತು. ತಕ್ಕಡಿಗೆ ನಂಟರಿಲ್ಲ.

ಆದರೆ ಎಲ್ಲರಿಗೂ ಒಂದೇ ನಿಯಮ ಎಂದ ಮಾತ್ರಕ್ಕೆ ಅದು ನ್ಯಾಯವಾಗುತ್ತದೆಯೇ? ಪಡಿತರ ಅಂಗಡಿಯ ಬೆರಳಚ್ಚು ಯಂತ್ರವನ್ನು ನೋಡಿ. ಅದು ಜಾತಿ ನೋಡುವುದಿಲ್ಲ, ಭಾಷೆ ನೋಡುವುದಿಲ್ಲ. ಆದರೂ ಗಣಕದ ಮುಂದೆ ಕುಳಿತವನ ಬೆರಳು ಕೂಡಲೇ ತಾಳೆಯಾಗುತ್ತದೆ. ಜೀವಮಾನವೆಲ್ಲ ಅರಿಶಿನ ಕಿತ್ತು, ರಾಗಿಯ ಕಳೆ ತೆಗೆದು ಗೆರೆ ಸವೆದ ಬೆರಳು ಎಷ್ಟೋ ಸಲ ತಾಳೆಯಾಗುವುದಿಲ್ಲ. ಹೆಚ್ಚು ದುಡಿದವರಿಗೇ ಹೆಚ್ಚು ತೊಂದರೆ. ಅದಕ್ಕೇ ಆಧಾರ್ ಪ್ರಾಧಿಕಾರ 2017ರ ಅಕ್ಟೋಬರ್‌ನಲ್ಲಿ, ಬೆರಳಚ್ಚು ತಾಳೆಯಾಗದಿದ್ದರೆ ಬೇರೆ ದಾರಿಯಲ್ಲಿ ಪಡಿತರ ಕೊಡಬೇಕೆಂದು ರಾಜ್ಯಗಳಿಗೆ ಸೂಚಿಸಿತು.

ಬೇರೆಯವರ ಮಾತೇಕೆ? ಕಳೆದ ಜಾತ್ರೆಯಲ್ಲಿ ಲೆಕ್ಕ ಚೊಕ್ಕವಾಗಿರಲಿ ಎಂದು ದಾಸೋಹದ ಕಾಣಿಕೆಗೆ ನಾವು ಕ್ಯೂಆರ್ ಫಲಕವನ್ನು ಮಾತ್ರ ಇಟ್ಟೆವು. ಸೆರಗಿನ ಗಂಟು ಬಿಚ್ಚಿ ಇಪ್ಪತ್ತು ರೂಪಾಯಿ ಹಿಡಿದುಕೊಂಡ ಒಬ್ಬ ಅಜ್ಜಿ ಫಲಕ ನೋಡಿದರು, ನಮ್ಮ ಮುಖ ನೋಡಿದರು, ಮತ್ತೆ ಗಂಟು ಕಟ್ಟಿಕೊಂಡು ಹೋದರು. ಬಿ.ಕಾಂ. ಓದಿದ ನಮಗೆ ಲೆಕ್ಕ ಸರಿಹೋಯಿತು, ಧರ್ಮ ತಪ್ಪಿತು. ಈಗ ಹುಂಡಿಯೂ ಇದೆ, ರಸೀದಿ ಪುಸ್ತಕವೂ ಇದೆ.

ಯುಪಿಐ ಕೂಡ ಸಾದಾ ಫೋನಿನವರಿಗೆ ಸುಲಭವಾಗಿ ಒದಗುವಂತೆ ಆದದ್ದು 2022ರ ಮಾರ್ಚ್‌ನಲ್ಲಿ, ಸುಮಾರು ಆರು ವರ್ಷ ತಡವಾಗಿ.

ದಾಸೋಹದ ಪಂಕ್ತಿಯಲ್ಲಿ ಎಲ್ಲರಿಗೂ ಒಂದೇ ಸೌಟು. ಆದರೆ ಹಲ್ಲಿಲ್ಲದ ಹಿರಿಯರಿಗೆ ಅನ್ನ ಮಿದ್ದು ಬಡಿಸುತ್ತೇವೆ. ಅದು ಪಕ್ಷಪಾತವಲ್ಲ. ಸಂಘದ ಬೈಲಾ ಇರಲಿ, ಗಣಕದ ನಿಯಮ ಇರಲಿ, ಬರೆಯುವವರು ಮೊದಲು ಪಂಕ್ತಿಯ ಕೊನೆಯ ಎಲೆಯ ಮುಂದೆ ಕುಳಿತು ನೋಡಬೇಕು. ತಪ್ಪಾದರೆ ಯಾರಿಗೆ ಹೇಳಬೇಕೆಂಬುದನ್ನೂ, ತಿದ್ದುವ ಬಗೆಯನ್ನೂ ನಿಯಮದಲ್ಲೇ ಬರೆದಿಡಬೇಕು. ನಮ್ಮ ನಿಯಮಗಳಲ್ಲಿ ಕೊರತೆ ಕಂಡವರು ಸಂಕೋಚವಿಲ್ಲದೆ ತಿಳಿಸಬೇಕೆಂದು ವಿನಂತಿ.



— ಕಾರ್ಯದರ್ಶಿ, ಶ್ರೀಮಠ